ಬತ್ತಿದ ತೈಲಕೂಪಕ್ಕೆ ಸ್ವೇದನಚಿಕಿತ್ಸೆ

ಬತ್ತಿತೆಂದು ಕೈಬಿಟ್ಟ ಬಾವಿಯ ತಳದಲ್ಲಿ, ಅದುವರೆಗೆ ಸೇದಿದ್ದರ ಎರಡರಷ್ಟು ಪದಾರ್ಥವು ಇನ್ನೂ ಉಳಿದಿರುವುದೆಂದು ಯಾರಾದರೂ ಹೇಳಿದರೆ ನಮ್ಮ ಸೀಮೆಯ ಗೃಹಸ್ಥರು ನಕ್ಕುಬಿಡುವರು. ನೀರಿನ ಬಾವಿಯ ವಿಷಯದಲ್ಲಿ ಆ ನಗೆಯು ನ್ಯಾಯವೇ ಸರಿ. ಆದರೆ ಕಲ್ಲೆಣ್ಣೆಯ ಬಾವಿಯ ವಿಷಯದಲ್ಲಿ ಇದು ಸಾಮಾನ್ಯವಾಗಿ ಕಂಡುಬರುವ ಸತ್ಯ. ಬತ್ತಿದ ತೈಲಕೂಪವೆಂದರೆ ಬರಿದಾದ ಕೂಪವಲ್ಲ. ಒಳಗಿರುವುದನ್ನು ಹೊರಕ್ಕೆ ಕೊಡುವ ಶಕ್ತಿ ಕುಂದಿದ ಕೂಪ. ಈ ಕುಂದಿದ ಶಕ್ತಿಯನ್ನು ಆವಿಯಿಂದಲೂ ಅನಿಲದಿಂದಲೂ ಹೇಗೆ ಮರಳಿ ತುಂಬುವರು, ಅದಕ್ಕೆ ತೆರಬೇಕಾದ ಬೆಲೆ ಯಾವುದು, ಅದರಿಂದ ಕೊಳವೆಬಾವಿಯನ್ನು ನಂಬಿ ಬಾಳುವ ನಾವು ಕಲಿಯತಕ್ಕುದೇನು ಎಂಬ ಮೂರು ವಿಷಯಗಳನ್ನು ಈ ಸಲ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಶಬ್ದವಿಚಾರ. ತೈಲವೆಂಬ ಪದವು ತಿಲದಿಂದ ಹುಟ್ಟಿದುದು. ಎಳ್ಳಿನಿಂದ ಬಂದುದೇ ಮೊದಲಿನ ತೈಲ. ಪೆಟ್ರೋಲಿಯಂ ಎಂಬ ಪಾಶ್ಚಾತ್ಯ ಪದದಲ್ಲಿ ಪೂರ್ವಾರ್ಧಕ್ಕೆ ಶಿಲೆಯೆಂದೂ ಉತ್ತರಾರ್ಧಕ್ಕೆ ಎಣ್ಣೆಯೆಂದೂ ಅರ್ಥ. ಆದುದರಿಂದ ಶಿಲಾತೈಲ, ಕಲ್ಲೆಣ್ಣೆ ಎಂಬ ನಮ್ಮ ಮಾತುಗಳು ಅದಕ್ಕೆ ಸರಿಯಾಗಿಯೇ ಒಪ್ಪುತ್ತವೆ. ಸಂಸ್ಕೃತದಲ್ಲಿ ಎಣ್ಣೆಗೆ ಸ್ನೇಹವೆಂಬ ಇನ್ನೊಂದು ಹೆಸರುಂಟು. ಪ್ರೀತಿಗೂ ಅದೇ ಹೆಸರು. ಎರಡಕ್ಕೂ ಅಂಟಿಕೊಳ್ಳುವುದೇ ಸ್ವಭಾವವಲ್ಲವೆ? ದ್ರವವು ಹರಿಯಲು ಒಡ್ಡುವ ತಡೆಯನ್ನು ಇಂದಿನ ಪಾಠಪುಸ್ತಕಗಳು ಸ್ನಿಗ್ಧತೆಯೆಂದು ಕರೆಯುತ್ತವೆ. ಈ ಸ್ನಿಗ್ಧತೆಯೆಂಬ ಒಂದು ಗುಣವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ಭೂಮಿಯೊಳಗೆ ಎಣ್ಣೆಯು ಕೆರೆಯಂತೆಯೋ ಹೊಂಡದಂತೆಯೋ ನಿಂತಿರುತ್ತದೆಯೆಂಬ ಭಾವನೆ ಅನೇಕರಲ್ಲಿದೆ. ವಾಸ್ತವದಲ್ಲಿ ಅದು ಮರಳುಗಲ್ಲಿನ ಕಣಗಳ ನಡುವಣ ಸಣ್ಣ ಸಂದುಗಳಲ್ಲಿ, ಒದ್ದೆಬಟ್ಟೆಯಲ್ಲಿ ನೀರಿರುವಂತೆ ಅಡಗಿಕೊಂಡಿರುತ್ತದೆ. ಪೂರ್ವಕಾಲದಲ್ಲಿ ಸಮುದ್ರದ ತಳದಲ್ಲಿ ಕೂಡಿಬಿದ್ದ ಸೂಕ್ಷ್ಮಜೀವಿಗಳ ಅವಶೇಷಗಳು ಕೆಸರಿನಡಿ ಹೂತು, ಕೋಟ್ಯಂತರ ವರ್ಷಗಳ ಶಾಖದಿಂದಲೂ ಒತ್ತಡದಿಂದಲೂ ಪಾಕಗೊಂಡು ಎಣ್ಣೆಯಾದುವು. ಆ ಎಣ್ಣೆಯು ಮೇಲಕ್ಕೇರುತ್ತಾ, ತೂತುಳ್ಳ ಕಲ್ಲಿನಲ್ಲಿ ಸೇರಿ, ಅದರ ಮೇಲಣ ಬಿಗಿಯಾದ ಪದರದ ಕೆಳಗೆ ಸೆರೆಯಾಯಿತು. ಅದರೊಡನೆ ಅನಿಲವೂ ಉಪ್ಪುನೀರೂ ಸೆರೆಯಾದುವು.

ಇಂಥ ಪದರವನ್ನು ಮೊದಲ ಸಲ ಕೊರೆದಾಗ ಒಳಗಣ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ನೂಕುತ್ತದೆ. ಸೋಡಾಶೀಶೆಯ ಬಿರಡೆಯನ್ನು ತೆಗೆದೊಡನೆ ನೊರೆಯುಕ್ಕುವುದನ್ನು ಮಕ್ಕಳೂ ಬಲ್ಲರು. ಎಣ್ಣೆಯಲ್ಲಿ ಕರಗಿದ ಅನಿಲವು ಅದೇ ರೀತಿಯಲ್ಲಿ ಬಿಡಿಸಿಕೊಂಡು ಎಣ್ಣೆಯನ್ನು ತನ್ನೊಡನೆ ಎತ್ತುವುದು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ೧೮೫೯ರಲ್ಲಿ ಡ್ರೇಕನು ಕೊರೆಯಿಸಿದ ಪ್ರಸಿದ್ಧವಾದ ಬಾವಿಯ ಆಳವು ೭೦ ಅಡಿಗೂ ಸ್ವಲ್ಪ ಕಡಮೆ. ನಮ್ಮ ದೇಶದಲ್ಲಿ ಅಸ್ಸಾಮಿನ ಡಿಗ್ಬೋಯಿಯಲ್ಲಿ ೧೮೮೯ರಲ್ಲಿ ಕೊರೆಯಲಾರಂಭಿಸಿದರು. ೧೯೦೧ರಲ್ಲಿ ಅಲ್ಲಿಯೇ ಶುದ್ಧೀಕರಣಾಗಾರವೂ ಏರ್ಪಟ್ಟಿತು. ಆ ಕಾಲದಲ್ಲಿ ಎಣ್ಣೆಯು ತಾನಾಗಿ ಬಂದಷ್ಟು ದಿನ ಪಡೆಯುವುದು, ಬಾರದಿದ್ದರೆ ಪಂಪಿನಿಂದ ಸೇದುವುದು, ಅದಕ್ಕೂ ಬಾರದಿದ್ದರೆ ಮತ್ತೊಂದು ಕಡೆ ಕೊರೆಯುವುದು, ಇದೇ ಪದ್ಧತಿಯಾಗಿತ್ತು.

ಹೀಗೆ ನೈಸರ್ಗಿಕವಾದ ಒತ್ತಡದಿಂದ ದೊರೆಯತಕ್ಕುದು ಸಾಮಾನ್ಯವಾಗಿ ಒಳಗಿರುವುದರಲ್ಲಿ ನೂರಕ್ಕೆ ೧೦ ಪಾಲಿನ ಆಸುಪಾಸು. ಬಳಿಕ ಪಕ್ಕದ ಬಾವಿಗಳಿಂದ ನೀರನ್ನು ನುಗ್ಗಿಸಿ ಎಣ್ಣೆಯನ್ನು ತಳ್ಳುವ ಉಪಾಯ ಬಂದಿತು. ಅದರಿಂದ ಒಟ್ಟು ೨೦ರಿಂದ ೪೦ ಪಾಲಿನವರೆಗೆ ದೊರೆಯುವುದುಂಟು. ಉಳಿದ ೬೦ರಿಂದ ೮೦ ಪಾಲು ಕಲ್ಲಿನಲ್ಲಿಯೇ ನಿಲ್ಲುವುದು. ಮನೆಯ ಕಣಜದಲ್ಲಿ ಮೂರು ಪಾಲಿನಲ್ಲಿ ಎರಡು ಪಾಲು ಧಾನ್ಯವಿದ್ದೂ ಕೈಗೆ ಎಟಕದಿದ್ದರೆ ಯಜಮಾನನಿಗೆ ನಿದ್ದೆ ಬರುವುದೆ? ತೈಲಶಾಸ್ತ್ರಜ್ಞರಿಗೂ ಬರಲಿಲ್ಲ.

ಎಣ್ಣೆಯು ಏತಕ್ಕೆ ಬರುವುದಿಲ್ಲ? ಅದಕ್ಕೆ ಉತ್ತರವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಧನುರ್ಮಾಸದ ಮುಂಜಾನೆ ಕೊಬ್ಬರಿಎಣ್ಣೆಯ ಶೀಶೆಯನ್ನು ಬೋರಲು ಹಾಕಿದರೂ ತೊಟ್ಟು ಬೀಳುವುದಿಲ್ಲ. ಬಿಸಿನೀರಿನಲ್ಲಿ ಅರೆಗಳಿಗೆ ಇಟ್ಟರೆ ಧಾರಾಳವಾಗಿ ಹರಿಯುವುದು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕವು ಕುದಿಯುವಾಗ ಸುಲಭವಾಗಿ ಸುರಿಯುತ್ತದೆ, ಆರಿದರೆ ಅಚ್ಚಿಗೆ ಅಂಟುತ್ತದೆ. ಜಿಡ್ಡುಹಿಡಿದ ಬಾಣಲೆಯ ಮೇಲೆ ಎಷ್ಟು ತಣ್ಣೀರು ಸುರಿದರೂ ನೀರು ಮೇಲೆಮೇಲೆ ಜಾರಿಹೋಗುವುದೇ ಹೊರತು ಜಿಡ್ಡು ಕದಲುವುದಿಲ್ಲ. ಗೃಹಿಣಿಯು ಆಗ ಮಾಡತಕ್ಕುದೇನು? ಬಿಸಿನೀರು ಹಾಕುವಳು, ಅಥವಾ ಸೀಗೆಪುಡಿಯಂಥ ಜಿಡ್ಡುಬಿಡಿಸುವ ಪದಾರ್ಥವನ್ನು ಹಾಕುವಳು. ತೈಲಕೂಪದ ಚಿಕಿತ್ಸೆಯೂ ಇವೆರಡೇ. ಒಂದು, ಎಣ್ಣೆಯನ್ನು ಕಾಯಿಸಿ ತೆಳ್ಳಗೆ ಮಾಡುವುದು; ಎರಡು, ಎಣ್ಣೆಯಲ್ಲಿ ಬೆರೆಯುವ ಪದಾರ್ಥವನ್ನು ಸೇರಿಸಿ ಬಿಡಿಸುವುದು. ಮೊದಲನೆಯದಕ್ಕೆ ಆವಿಯೂ ಎರಡನೆಯದಕ್ಕೆ ಅನಿಲವೂ ಮುಖ್ಯ ಸಾಧನಗಳು.

ಬಿಸಿನೀರೇ ಸಾಲದೆ, ಆವಿಯೇ ಏಕೆ ಬೇಕು ಎಂದು ಕೇಳಬಹುದು. ಒಂದು ಗ್ರಾಂ ನೀರನ್ನು ಹಿಮದ ತಣ್ಣನೆಯಿಂದ ಕುದಿಯುವ ಮಟ್ಟಕ್ಕೆ ತರಲು ೧೦೦ ಕ್ಯಾಲೊರಿ ಶಾಖ ಸಾಕು. ಆ ಕುದಿನೀರನ್ನೇ ಆವಿಯಾಗಿಸಲು ಮತ್ತೆ ಸುಮಾರು ೫೪೦ ಕ್ಯಾಲೊರಿ ಬೇಕು. ಆವಿಯು ಈ ಶಾಖವನ್ನೆಲ್ಲ ಗುಪ್ತಧನದಂತೆ ಹೊತ್ತುಕೊಂಡುಹೋಗಿ, ತಣ್ಣನೆಯ ವಸ್ತುವನ್ನು ಮುಟ್ಟಿ ನೀರಾಗುವಾಗ ಅಲ್ಲಿ ಬಿಟ್ಟುಕೊಡುವುದು. ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆಯುವಾಗ ಆವಿಯಿಂದಾದ ಸುಟ್ಟಗಾಯವು ಬಿಸಿನೀರಿನ ಗಾಯಕ್ಕಿಂತ ಉಗ್ರವಾಗಿರುವುದಕ್ಕೆ ಕಾರಣವೂ ಇದೇ.

ಆವಿಯನ್ನು ಬಾವಿಗೆ ಹೊಗಿಸುವ ಪ್ರಯೋಗವು ಅಮೆರಿಕದಲ್ಲಿ ೧೯೩೦ರ ದಶಕದಲ್ಲಿಯೇ ನಡೆದಿತ್ತು. ಆದರೆ ಈಗ ಹೆಚ್ಚು ರೂಢಿಯಲ್ಲಿರುವ ಕ್ರಮವು ಹೊಳೆದುದು ಒಂದು ಅವಘಡದಿಂದ. ವೆನೆಜುವೆಲಾ ದೇಶದ ಮೆನೆ ಗ್ರಾಂಡೆ ಎಂಬಲ್ಲಿ ೧೯೫೯ರಲ್ಲಿ ಶೆಲ್ ಸಂಸ್ಥೆಯವರು ಒಂದು ಬಾವಿಯಿಂದ ಆವಿಯನ್ನು ನುಗ್ಗಿಸಿ ಪಕ್ಕದ ಬಾವಿಗಳ ಕಡೆಗೆ ಎಣ್ಣೆಯನ್ನು ತಳ್ಳಲು ಪ್ರಯತ್ನಿಸುತ್ತಿದ್ದರು. ಒತ್ತಡವು ಮಿತಿಮೀರಿ ಆವಿಯು ನೆಲವನ್ನೇ ಭೇದಿಸಿಕೊಂಡು ಹೊರಬಂದಿತು. ಗಾಬರಿಯಿಂದ ಒತ್ತಡವನ್ನು ಇಳಿಸಲು ಆವಿ ಹೊಗಿಸಿದ ಬಾವಿಯ ಬಾಯನ್ನೇ ತೆರೆದರು. ಆಗ ಅದರಿಂದ ಎಣ್ಣೆಯು ಹೇರಳವಾಗಿ ಹರಿದುಬಂದಿತು! ಹೊಗಿಸಿದ ಬಾವಿಯಿಂದಲೇ ಪಡೆಯಬಹುದೆಂಬ ಮರ್ಮವು ಹೀಗೆ ಗೊತ್ತಾಯಿತು. ಆಕಸ್ಮಿಕಗಳು ಎಲ್ಲರಿಗೂ ಒದಗುತ್ತವೆ. ಅವುಗಳನ್ನು ನೋಡುವ ಕಣ್ಣು ಮಾತ್ರ ಸಿದ್ಧವಾಗಿರಬೇಕು.

ಈ ಕ್ರಮಕ್ಕೆ ಮೂರು ಅಂಗಗಳು. ಮೊದಲು ಕೆಲವು ದಿನ ಅಥವಾ ವಾರ ಇನ್ನೂರು ಮುನ್ನೂರು ಡಿಗ್ರಿಯ ಆವಿಯನ್ನು ಬಾವಿಯೊಳಕ್ಕೆ ಹೊಗಿಸುವುದು. ಅನಂತರ ಬಾಯನ್ನು ಮುಚ್ಚಿ, ಶಾಖವು ಕಲ್ಲಿಗೆ ಹಬ್ಬುವಂತೆ ಕೆಲವು ದಿನ ನೆನೆಯಬಿಡುವುದು. ಕಡೆಗೆ ಬಾಯನ್ನು ತೆರೆದು, ತೆಳ್ಳಗಾದ ಎಣ್ಣೆಯನ್ನು ವಾರಗಳೋ ತಿಂಗಳುಗಳೋ ಪಡೆಯುವುದು. ಶಾಖವು ಇಳಿದು ಹುಟ್ಟುವಳಿಯು ಕುಂದಿದರೆ ಮತ್ತೆ ಮೊದಲಿನಿಂದ ಆರಂಭ. ಆಯುರ್ವೇದವನ್ನು ಬಲ್ಲ ವಾಚಕರಿಗೆ ಇದರಲ್ಲಿ ಪರಿಚಿತವಾದ ಮುಖವೊಂದು ಕಾಣದಿರದು. ಪಂಚಕರ್ಮಕ್ಕೆ ಮೊದಲು ವೈದ್ಯರು ಸ್ನೇಹನ, ಸ್ವೇದನಗಳನ್ನು ಮಾಡಿಸುವರಷ್ಟೆ. ಸ್ವೇದನವೆಂದರೆ ಬೆವರಿಳಿಸುವುದು. ದೇಹದ ಸೂಕ್ಷ್ಮಮಾರ್ಗಗಳಲ್ಲಿ ಅಂಟಿನಿಂತ ದೋಷವನ್ನು ಶಾಖದಿಂದ ಕರಗಿಸಿ ಕೋಷ್ಠಕ್ಕೆ ತಂದು ಹೊರಹಾಕುವುದು ಅದರ ಉದ್ದೇಶ. ಕಲ್ಲಿನ ಸೂಕ್ಷ್ಮಮಾರ್ಗಗಳಲ್ಲಿ ಅಂಟಿನಿಂತ ಸ್ನೇಹಕ್ಕೆ ಮಾಡುವ ಈ ಉಪಚಾರಕ್ಕೂ ಸ್ವೇದನವೆಂಬ ಹೆಸರೇ ಯೋಗ್ಯವೆಂದು ನಮಗೆ ತೋರುತ್ತದೆ.

ಕೆಲವು ಕಡೆ ಒಂದು ಬಾವಿಯಿಂದ ಎಡೆಬಿಡದೆ ಆವಿಯನ್ನು ನುಗ್ಗಿಸಿ, ಸುತ್ತಲಿನ ಬಾವಿಗಳಿಂದ ಎಣ್ಣೆಯನ್ನು ಪಡೆಯುವರು. ೧೮೯೯ರಲ್ಲಿ ಕಂಡುಹಿಡಿದ ಕ್ಯಾಲಿಫೋರ್ನಿಯದ ಕರ್ನ್ ರಿವರ್ ಎಂಬ ಹಳೆಯ ಕ್ಷೇತ್ರವು ೧೯೬೦ರ ದಶಕದಲ್ಲಿ ಈ ಉಪಾಯದಿಂದ ಎರಡನೆಯ ಯೌವನವನ್ನು ಪಡೆಯಿತು. ಸುಮಾತ್ರಾ ದ್ವೀಪದ ದೂರಿ ಕ್ಷೇತ್ರದಲ್ಲಿ ೧೯೮೫ರಿಂದ ನಡೆದ ಕಾರ್ಯವು ಜಗತ್ತಿನ ಅತಿ ದೊಡ್ಡ ಆವಿಪ್ರಯೋಗಗಳಲ್ಲೊಂದು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಎಣ್ಣೆಯು ಡಾಂಬರಿನಂತೆ ಗಟ್ಟಿ. ಅಲ್ಲಿ ರೋಜರ್ ಬಟ್ಲರ್ ಎಂಬ ಎಂಜಿನಿಯರು ಯೋಚಿಸಿದಂತೆ, ಒಂದರ ಕೆಳಗೊಂದು ಸುಮಾರು ೫ ಮೀಟರು ಅಂತರದಲ್ಲಿ ಎರಡು ಅಡ್ಡಬಾವಿಗಳನ್ನು ಕೊರೆದು, ಮೇಲಿನದರಿಂದ ಆವಿಯನ್ನು ಬಿಡುವರು. ಕರಗಿದ ಎಣ್ಣೆಯು ತನ್ನ ಭಾರದಿಂದಲೇ ಕೆಳಗಿನದಕ್ಕೆ ಸುರಿಯುವುದು.

ನಮ್ಮ ದೇಶದ ಮಾತಿಗೆ ಬರೋಣ. ರಾಜಸ್ಥಾನದ ಮರುಭೂಮಿಯಲ್ಲಿ, ಬಿಕಾನೇರ್–ನಾಗೌರ್ ಪ್ರದೇಶದಲ್ಲಿ, ಬಾಘೇವಾಲಾ ಎಂಬ ತೈಲಕ್ಷೇತ್ರವಿದೆ. ೧೯೯೧ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಸಿಕ್ಕಿದರೇನು? ಅದು ಕಾಕಂಬಿಯಂತೆ ಮಂದವಾದುದು. ಬಾವಿ ತೋಡಿದರೂ ತಾನಾಗಿ ಹರಿಯಲೊಲ್ಲದು. ಬಹು ವರ್ಷಗಳ ಮೇಲೆ ಆಯಿಲ್ ಇಂಡಿಯಾ ಸಂಸ್ಥೆಯವರು ಅಲ್ಲಿ ಸ್ವೇದನಕ್ರಮವನ್ನು ಕೈಕೊಂಡರು. ೨೦೨೪–೨೫ನೆಯ ಸಾಲಿನಲ್ಲಿ ೧೯ ಬಾವಿಗಳಿಗೆ ಆವಿಯ ಉಪಚಾರ ನಡೆಯಿತು. ಹಿಂದಿನ ವರ್ಷ ದಿನಕ್ಕೆ ೭೦೫ ಪೀಪಾಯಿಯಷ್ಟಿದ್ದ ಹುಟ್ಟುವಳಿಯು ೧,೨೦೨ ಪೀಪಾಯಿಗೆ ಏರಿತೆಂದು ೨೦೨೫ರಲ್ಲಿ ಪ್ರಕಟವಾಯಿತು. ಒಂದು ಪೀಪಾಯಿ ಎಂದರೆ ಸುಮಾರು ೧೫೯ ಲೀಟರ್. ದೇಶದ ಅವಶ್ಯಕತೆಯ ಮುಂದೆ ಇದು ಸಮುದ್ರಕ್ಕೆ ಬಿಂದುವಿನಂತೆಯೇ. ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ೮೫ ಪಾಲಿಗೂ ಹೆಚ್ಚನ್ನು ಪರದೇಶಗಳಿಂದ ಕೊಳ್ಳುವವರಿಗೆ ಬಿಂದುವೂ ಬಿಂದುವೇ ಎಂಬುದನ್ನು ಮರೆಯತಕ್ಕುದಲ್ಲ.

ಗುಜರಾತಿನ ಮೆಹಸಾಣಾ ಜಿಲ್ಲೆಯ ಬಾಲೋಲ್, ಸಾಂಥಾಲ್ ಕ್ಷೇತ್ರಗಳಲ್ಲಿ ಇನ್ನೂ ಸಾಹಸದ ಮಾರ್ಗವನ್ನು ಹಿಡಿದರು. ಹೊರಗೆ ಆವಿಯನ್ನು ಕಾಯಿಸಿ ಒಳಗೆ ಕಳುಹಿಸುವುದರ ಬದಲು, ನೆಲದ ಒಳಗೇ ಬೆಂಕಿ ಹೊತ್ತಿಸಿದರು! ಬಾವಿಯ ಮೂಲಕ ಗಾಳಿಯನ್ನು ನುಗ್ಗಿಸಿ ಎಣ್ಣೆಯ ಒಂದು ಅಂಶವನ್ನು ಅಲ್ಲಿಯೇ ಉರಿಸಿದರೆ, ಅದರ ಶಾಖದಿಂದಲೂ ಹುಟ್ಟಿದ ಆವಿಯಿಂದಲೂ ಅನಿಲದಿಂದಲೂ ಮುಂದಿನ ಎಣ್ಣೆಯು ತೆಳುವಾಗಿ ಇತರ ಬಾವಿಗಳತ್ತ ಸರಿಯುವುದು. ಬಾಲೋಲಿನಲ್ಲಿ ೧೯೯೦ರಲ್ಲಿ ಪರೀಕ್ಷೆಗಾಗಿ ಆರಂಭವಾದ ಈ ಕಾರ್ಯವನ್ನು ಓಎನ್‌ಜಿಸಿ ಸಂಸ್ಥೆಯು ೧೯೯೭ರಿಂದ ದೊಡ್ಡ ಪ್ರಮಾಣದಲ್ಲಿ ನಡೆಸಿತು. ಸಾಮಾನ್ಯ ಕ್ರಮದಿಂದ ನೂರಕ್ಕೆ ೬ರಿಂದ ೧೩ ಪಾಲು ಮಾತ್ರ ದೊರೆಯಬಹುದಾಗಿದ್ದಲ್ಲಿ, ಇದರಿಂದ ೩೯ರಿಂದ ೪೫ ಪಾಲು ದೊರೆಯಬಹುದೆಂದು ಅವರ ಎಣಿಕೆ. ಊದುಗೊಳವೆಯಿಂದ ಒಲೆಯನ್ನು ಊದುವ ತಾಯಂದಿರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಇನ್ನು ಅನಿಲದ ವಿಚಾರ. ಅನಿಲವು ತೈಲಕೂಪದಲ್ಲಿ ಮೂರು ಬಗೆಯ ಸೇವೆಯನ್ನು ಮಾಡುವುದು. ಮೊದಲನೆಯದು ಒತ್ತಡವನ್ನು ಕಾಪಾಡುವುದು. ಎಣ್ಣೆಯೊಡನೆ ಬಂದ ಅನಿಲವನ್ನು ಮರಳಿ ಒಳಗೆ ತುಂಬಿದರೆ ಒಳಗಣ ನೂಕುಬಲವು ಕುಂದದು. ಅಲಾಸ್ಕಾದ ಪ್ರೂಡೋ ಬೇ ಕ್ಷೇತ್ರದಲ್ಲಿ ೧೯೭೭ರಲ್ಲಿ ಹುಟ್ಟುವಳಿ ಆರಂಭವಾದಂದಿನಿಂದ ಅನಿಲದ ಬಹುಭಾಗವನ್ನು ಹೀಗೆ ಹಿಂದಿರುಗಿಸುತ್ತ ಬಂದರು.

ಎರಡನೆಯದು ಬೆರೆತು ಬಿಡಿಸುವುದು. ನಾವು ಉಸಿರಿನಲ್ಲಿ ಬಿಡುವ ಇಂಗಾಲದ ಡೈ ಆಕ್ಸೈಡ್ ಅನಿಲವು ೩೧ ಡಿಗ್ರಿಗೆ ಮೀರಿದ ಶಾಖದಲ್ಲಿ, ವಾಯುಮಂಡಲದ ಒತ್ತಡದ ೭೩ರಷ್ಟನ್ನು ಮೀರಿದ ಒತ್ತಡದಲ್ಲಿ, ಅನಿಲವೂ ಅಲ್ಲದೆ ದ್ರವವೂ ಅಲ್ಲದೆ ಎರಡರ ಗುಣವನ್ನೂ ತಾಳುತ್ತದೆ. ಆ ಸ್ಥಿತಿಯಲ್ಲಿ ಅದು ಸಣ್ಣ ಸಂದುಗಳಿಗೆ ನುಗ್ಗಿ ಎಣ್ಣೆಯಲ್ಲಿ ಬೆರೆತು, ಎಣ್ಣೆಯನ್ನು ಉಬ್ಬಿಸಿ ತೆಳ್ಳಗೆ ಮಾಡುವುದು. ಟೆಕ್ಸಾಸಿನಲ್ಲಿ ೧೯೭೨ರಿಂದ ಈ ಕ್ರಮವು ದೊಡ್ಡದಾಗಿ ನಡೆಯಿತು. ಕೆನಡಾದ ವೇಬರ್ನ್ ಕ್ಷೇತ್ರಕ್ಕೆ ೨೦೦೦ದಿಂದ, ಅಮೆರಿಕದ ನಾರ್ತ್ ಡಕೋಟಾದ ಕಲ್ಲಿದ್ದಲಿನ ಕಾರ್ಖಾನೆಯೊಂದರ ಅನಿಲವನ್ನು ಸುಮಾರು ೩೨೦ ಕಿಲೋಮೀಟರು ಕೊಳವೆಯಲ್ಲಿ ತಂದು ತುಂಬಲಾರಂಭಿಸಿದರು. ಆಕಾಶಕ್ಕೆ ಸೇರಿ ಭೂಮಿಯ ಜ್ವರವನ್ನು ಹೆಚ್ಚಿಸಬಹುದಾಗಿದ್ದ ಅನಿಲದ ಬಹುಪಾಲು ಪಾತಾಳದಲ್ಲಿ ನಿಲ್ಲುವುದೆಂಬುದು ಇದರ ಗುಣ. ಆದರೆ ಹಾಗೆ ಪಡೆದ ಎಣ್ಣೆಯನ್ನು ಉರಿಸಿದರೆ ಮತ್ತೆ ಅದೇ ಅನಿಲವು ಹೊರಡುವುದೆಂಬುದನ್ನೂ ಸೇರಿಸಿ ಲೆಕ್ಕ ಹಾಕುವುದು ನ್ಯಾಯ.

ಮೂರನೆಯ ಸೇವೆಯು ಎತ್ತುವುದು. ಬಾವಿಯ ಕೊಳವೆಯೊಳಗೆ ಅನಿಲವನ್ನು ಕೆಳಗಿನಿಂದ ಬಿಟ್ಟರೆ ಗುಳ್ಳೆಗಳು ಎಣ್ಣೆಯೊಡನೆ ಕಲೆತು ಆ ಕಂಬವನ್ನು ಹಗುರಗೊಳಿಸುವುವು, ಹಗುರವಾದುದು ಮೇಲಕ್ಕೇರುವುದು. ಇದನ್ನು ನೋಡಲು ನಮ್ಮ ವಾಚಕರು ಟೆಕ್ಸಾಸಿಗೆ ಹೋಗಬೇಕಾಗಿಲ್ಲ. ಅಡಕೆತೋಟಗಳ ಕೊಳವೆಬಾವಿಗಳಲ್ಲಿ ಕಂಪ್ರೆಸರ್ ಎಂದು ಕರೆಯುವ ಗಾಳಿಯಂತ್ರವು ಮಾಡುವ ಕೆಲಸವು ಇದೇ. ಸಣ್ಣ ಕೊಳವೆಯಲ್ಲಿ ಗಾಳಿ ಇಳಿಯುವುದು, ದೊಡ್ಡ ಕೊಳವೆಯಲ್ಲಿ ಗಾಳಿಬೆರೆತ ನೀರು ಬುಸುಗುಟ್ಟುತ್ತ ಏರುವುದು. ಎಣ್ಣೆಯ ಬಾವಿಯಲ್ಲಿ ಗಾಳಿ ಬೆರೆತರೆ ಸ್ಫೋಟದ ಭಯವುಂಟಾದುದರಿಂದ ಅಲ್ಲಿ ನೈಸರ್ಗಿಕ ಅನಿಲವನ್ನೇ ಬಳಸುವರು, ಭೇದವು ಇಷ್ಟೇ.

ಕರ್ನಾಟಕದಲ್ಲಿ ಇಂಥ ತೈಲಕೂಪಗಳಿಲ್ಲವೆ ಎಂದು ಕೇಳುವವರಿಗೆ ನಮ್ಮ ನೆಲದ ಕಲ್ಲೇ ಉತ್ತರ ಹೇಳುವುದು. ನಮ್ಮ ಧಾರವಾಡ ಶಿಲೆಗಳೂ ಅವುಗಳೊಡನೆ ಹಬ್ಬಿದ ಕಣಶಿಲೆಗಳೂ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನವು. ಎಣ್ಣೆಗೆ ಬೀಜವಾದ ಜೀವರಾಶಿಯೂ ಅದನ್ನು ಹೀರಿಡುವ ರಂಧ್ರಗಳೂ ಅವುಗಳಲ್ಲಿಲ್ಲ. ಆದರೂ ಎಣ್ಣೆಯ ಕಥೆಯಲ್ಲಿ ನಮ್ಮ ನಾಡಿಗೂ ಪಾತ್ರವುಂಟು. ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ೨೦೦೪ರಲ್ಲಿ ಕಂಡುಹಿಡಿದು ೨೦೦೯ರಲ್ಲಿ ಆರಂಭಿಸಿದ ಮಂಗಲಾ ಕ್ಷೇತ್ರದ ಎಣ್ಣೆಯು ಮೇಣಭರಿತವಾದುದು, ತಣ್ಣಗಾದರೆ ಹೆಪ್ಪುಗಟ್ಟುವುದು. ಅದನ್ನು ತಳ್ಳಲು ಒಳಗೆ ನುಗ್ಗಿಸುವ ನೀರೂ ಬೆಚ್ಚಗಿರಬೇಕು. ಗುಜರಾತಿನ ಕರಾವಳಿಯವರೆಗೆ ಸುಮಾರು ೬೭೦ ಕಿಲೋಮೀಟರು ಉದ್ದದ ಕೊಳವೆಯನ್ನು ಉದ್ದಕ್ಕೂ ಕಾಯಿಸುತ್ತ ಆ ಎಣ್ಣೆಯನ್ನು ಸಾಗಿಸುವ ಏರ್ಪಾಡಾಯಿತು. ಅದನ್ನು ಕೊಂಡು ಶುದ್ಧಿಮಾಡಿದವುಗಳಲ್ಲಿ ನಮ್ಮ ಮಂಗಳೂರಿನ ಶುದ್ಧೀಕರಣಾಗಾರವೂ ಒಂದು.

ಅದೂ ಅಲ್ಲದೆ, ಎಣ್ಣೆಯನ್ನು ಕೊಡಲಾರದ ನಮ್ಮ ಕರಿಗಲ್ಲು ಎಣ್ಣೆಯನ್ನು ಕಾಯಬಲ್ಲುದು. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ ೧೫ ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ೨೫ ಲಕ್ಷ ಟನ್ನು ಕಚ್ಚಾತೈಲವನ್ನು ಕೂಡಿಡಲು ನೆಲದಡಿಯಲ್ಲಿ ಕಲ್ಲನ್ನು ಕೊರೆದು ಗುಹೆಗಳನ್ನು ಮಾಡಿದ್ದಾರೆ. ಸುತ್ತಲ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡವನ್ನು ಕಾಯ್ದುಕೊಂಡು, ಎಣ್ಣೆಯು ಹೊರಗೆ ಸೋರದಂತೆ ನೀರಿನದೇ ಗೋಡೆಯನ್ನು ಕಟ್ಟಿದ್ದಾರೆ. ಒಂದು ಕಡೆ ಕಲ್ಲಿನಿಂದ ಎಣ್ಣೆಯನ್ನು ಬಿಡಿಸಲು ಇಷ್ಟು ಶ್ರಮ, ಇನ್ನೊಂದು ಕಡೆ ಕಲ್ಲಿನಲ್ಲಿ ಅದನ್ನು ಇಡಲು ಅಷ್ಟೇ ಶ್ರಮ!

ಇಂಥ ಚಿಕಿತ್ಸೆಯು ಉಚಿತವಾಗಿ ಆಗತಕ್ಕುದಲ್ಲ. ಒಂದು ಪೀಪಾಯಿ ಎಣ್ಣೆಗೆ ಎರಡರಿಂದ ಐದು ಪೀಪಾಯಿ ನೀರನ್ನು ಆವಿಮಾಡಬೇಕಾಗುವುದು ಸಾಮಾನ್ಯ. ಆವಿಗೆ ಒಲೆ ಬೇಕು, ಒಲೆಗೆ ಉರುವಲು ಬೇಕು. ಎಣ್ಣೆಗಾಗಿ ಎಣ್ಣೆಯನ್ನೋ ಅನಿಲವನ್ನೋ ಉರಿಸುವ ಈ ವ್ಯವಹಾರದಲ್ಲಿ, ವ್ಯಯವು ಆಯವನ್ನು ಮುಟ್ಟಿದ ದಿನ ಬಾವಿಯನ್ನು ನಿಜವಾಗಿಯೂ ಮುಚ್ಚಲೇಬೇಕು. ಒಮಾನ್ ದೇಶದ ಅಮಲ್ ಕ್ಷೇತ್ರದಲ್ಲಿ ೨೦೧೫ರಲ್ಲಿ ಕೈಗೊಂಡ ಕಾರ್ಯವು ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಗಾಜಿನ ಮನೆಗಳೊಳಗೆ ಕನ್ನಡಿಗಳನ್ನು ಹೂಡಿ ಸೂರ್ಯಕಿರಣಗಳಿಂದಲೇ ನೀರನ್ನು ಆವಿಮಾಡುವ ಏರ್ಪಾಡನ್ನು ಮಾಡಿದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುವ ಆ ಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲ.

ಇಷ್ಟನ್ನು ಕೇಳಿದೊಡನೆ ನಮ್ಮ ಕೆರೆಬಿಳಚಿಯ ಸುತ್ತಿನ ತೋಟದವರು ಕೇಳತಕ್ಕ ಪ್ರಶ್ನೆ ಒಂದೇ: “ಸ್ವಾಮಿ, ನಮ್ಮ ಬತ್ತಿದ ಬೋರಿಗೂ ಇಂಥ ಮದ್ದುಂಟೆ?” ಪ್ರಶ್ನೆಯು ವಿನೋದದ್ದಲ್ಲ. ಒಂದು ಬೋರು ಸೋತರೆ ಮತ್ತೊಂದು, ಅದು ಸೋತರೆ ಇನ್ನೂ ಆಳವಾದ ಮಗುದೊಂದು ಎಂದು ಸಾಲಮಾಡಿ ಕೊರೆಯಿಸಿ, ಮಗಳ ಮದುವೆಗೆಂದು ಇಟ್ಟ ಹಣವನ್ನೂ ಹೆಂಡತಿಯ ಕೊರಳಿನ ಸರವನ್ನೂ ಪಾತಾಳಕ್ಕೆ ಹಾಕಿದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಅಡಕೆಯ ಗಿಡವು ಫಲಕ್ಕೆ ಬರಲು ಐದಾರು ವರ್ಷ ಬೇಕು. ಒಣಗಲು ಒಂದು ಬೇಸಗೆ ಸಾಕು. ಅಂಥ ಮನೆಯ ಜಗಲಿಗೆ ಬಂದು, ಗಾಳಿ ಊದಿ ನೀರು ತರಿಸುವೆವು, ಔಷಧ ಸುರಿದು ಸೆಲೆ ತೆರೆಯುವೆವು ಎಂದು ಆಸೆ ಹುಟ್ಟಿಸುವವರಿಗೆ ಕೊರತೆಯಿಲ್ಲ. ಆದುದರಿಂದ ಎರಡು ಬಾವಿಗಳಿಗೂ ಇರುವ ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು.

ಎಣ್ಣೆಯ ಬಾವಿಯಲ್ಲಿ ವಸ್ತುವಿದೆ, ಹರಿವಿಲ್ಲ. ನಮ್ಮ ಬೋರಿನಲ್ಲಿ ಬಹುಮಟ್ಟಿಗೆ ಹರಿವಿದೆ, ವಸ್ತುವಿಲ್ಲ. ನೀರು ತೆಳುವಾದ ದ್ರವ. ಅದನ್ನು ಕಾಯಿಸಿ ತೆಳ್ಳಗೆ ಮಾಡಬೇಕಾದುದಿಲ್ಲ. ನಮ್ಮ ಕರಿಗಲ್ಲಿನಲ್ಲಿ ಅದು ಬಿರುಕುಗಳಲ್ಲಿ ಮಾತ್ರ ನಿಲ್ಲುವುದು. ಆ ಬಿರುಕುಗಳು ಬರಿದಾದರೆ ಸಾವಿರ ಅಡಿ ಇಳಿದರೂ ಒಣಪುಡಿಯೇ ಗತಿ. ಗಾಳಿಯಂತ್ರವು ಇದ್ದ ನೀರನ್ನು ಎತ್ತುವುದೇ ಹೊರತು ಇಲ್ಲದ ನೀರನ್ನು ಹುಟ್ಟಿಸಲಾರದು. ಕಡೆಯ ಬಿಂದುವನ್ನೂ ಎತ್ತಿ ಮುಗಿಸುವುದರಲ್ಲಿ ಮಾತ್ರ ಅದು ಬಹು ಸಮರ್ಥ. ಅಧಿಕ ಒತ್ತಡದ ನೀರನ್ನು ನುಗ್ಗಿಸಿ ಮುಚ್ಚಿಹೋದ ಬಿರುಕುಗಳನ್ನು ಬಿಡಿಸುವ ಕ್ರಮವೊಂದುಂಟು, ಅದು ಸಶಾಸ್ತ್ರವಾದುದೇ. ಆದರೆ ಹತ್ತಿರದಲ್ಲಿ ನೀರು ತುಂಬಿದ ಬಿರುಕುಗಳಿದ್ದರೆ ಮಾತ್ರ ಫಲ. ರೋಗವೇನೆಂದು ತಿಳಿಯದೆ ಮದ್ದು ಕೊಡುವ ವೈದ್ಯನಿಗೆ ನಾವು ಮನೆಯ ಬಾಗಿಲು ತೆರೆಯುವೆವೆ? ಬೋರಿನ ವಿಷಯದಲ್ಲಿಯೂ ಮೊದಲು ಭೂಜಲವನ್ನು ಬಲ್ಲವರಿಂದ ಪರೀಕ್ಷೆ, ಆಮೇಲೆ ಹಣ.

ಭೇದವು ಇಲ್ಲಿಗೆ ಮುಗಿಯಲಿಲ್ಲ; ಮುಖ್ಯವಾದುದು ಇನ್ನೂ ಇದೆ. ಎಷ್ಟು ಆವಿ ಹೊಗಿಸಿದರೂ, ಎಷ್ಟು ಅನಿಲ ತುಂಬಿದರೂ ಎಣ್ಣೆಯು ಹೊಸದಾಗಿ ಹುಟ್ಟುವುದಿಲ್ಲ. ಒಮ್ಮೆ ತೆಗೆದುದು ತೆಗೆದುದೇ. ನೀರು ಹಾಗಲ್ಲ, ವರುಷವರುಷವೂ ಆಕಾಶವು ಅದನ್ನು ಹಿಂದಿರುಗಿಸುತ್ತದೆ. ೧,೦೦೦ ಚದರ ಅಡಿಯ ಮಾಡಿನ ಮೇಲೆ ಒಂದೇ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೨,೩೬೦ ಲೀಟರು ನೀರಾಯಿತು. ತೈಲದ ಲೆಕ್ಕದಲ್ಲಿ ಹೇಳಿದರೆ ೧೫ ಪೀಪಾಯಿಯ ಹತ್ತಿರ. ಒಂದು ಎಕರೆಯ ಮೇಲೆ ಒಂದು ಅಂಗುಲವೆಂದರೆ ಲಕ್ಷ ಲೀಟರಿಗೂ ಮಿಕ್ಕುವುದು. ಬಾಘೇವಾಲದವರು ಆವಿಯನ್ನು ಹೊಗಿಸಲು ಎಷ್ಟೊಂದು ಹಣವನ್ನು ಸುರಿಯಬೇಕು! ನಮಗಾದರೋ ಹೊಗಿಸತಕ್ಕ ವಸ್ತುವು ಮನೆಯಂಗಳಕ್ಕೇ ಬಂದು ಬೀಳುತ್ತದೆ. ಅದನ್ನು ಚರಂಡಿಗೆ ಬಿಟ್ಟು ಮರುದಿನ ಬೋರಿನ ಲಾರಿಗೆ ಮುಂಗಡ ಕೊಡುವೆವು.

ಆದುದರಿಂದ ತೈಲದವರಿಂದ ನಾವು ಕಲಿಯತಕ್ಕುದು ಆವಿಯ ಯಂತ್ರವನ್ನಲ್ಲ, ಅವರ ಜಮಾಖರ್ಚಿನ ಪುಸ್ತಕವನ್ನು. ಎಷ್ಟು ತೆಗೆದೆವು, ಎಷ್ಟು ತುಂಬಿದೆವು, ಒತ್ತಡ ಎಷ್ಟಿದೆ ಎಂಬುದನ್ನು ಅವರು ಬಾವಿಬಾವಿಗೂ ಬರೆದಿಡುವರು. ನಮ್ಮಲ್ಲಿ ಬೋರಿನ ಆಳವನ್ನು ಹೇಳಬಲ್ಲ ಯಜಮಾನನುಂಟು; ಕಳೆದ ವರ್ಷ ನೀರು ಎಷ್ಟು ಅಡಿಯಲ್ಲಿತ್ತು, ಈ ವರ್ಷ ಎಷ್ಟು ಅಡಿಯಲ್ಲಿದೆ ಎಂದು ಹೇಳಬಲ್ಲವನು ವಿರಳ. ಒಂದು ಹಳೆಯ ಪಟ್ಟಿಪುಸ್ತಕವೂ ಭಾರಕಟ್ಟಿದ ಹಗ್ಗವೂ ಇದಕ್ಕೆ ಸಾಕು. ಮಾಡಿನ ನೀರನ್ನು ಮರಳು ಜಲ್ಲಿಗಳ ಮೂಲಕ ಸೋಸಿ ಇಂಗುಗುಂಡಿಗೆ ಬಿಡುವುದು, ತೋಟದ ಬದುಗಳನ್ನು ಭದ್ರಪಡಿಸುವುದು, ಬಚ್ಚಲಿನ ನೀರನ್ನಾಗಲಿ ಕೊಟ್ಟಿಗೆಯ ನೀರನ್ನಾಗಲಿ ಎಂದೂ ಬೋರಿಗೆ ತೋರದಿರುವುದು, ಇವು ಪ್ರತಿ ಮನೆಯೂ ಮಾಡಬಹುದಾದ ಕೆಲಸಗಳು.

ಮತ್ತೊಂದು ಮಾತನ್ನು ಕೈಮುಗಿದು ಹೇಳುತ್ತೇವೆ. ಸೋತ ಬೋರಿನ ಬಾಯನ್ನು ಒಂದು ದಿನವೂ ತೆರೆದಿಡಬೇಡಿರಿ. ೨೦೨೪ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸೊಂದು ಕೊಳವೆಬಾವಿಗೆ ಬಿದ್ದು, ಸುಮಾರು ಇಪ್ಪತ್ತು ಗಂಟೆಗಳ ಹೋರಾಟದ ಮೇಲೆ ಜೀವದಿಂದ ಹೊರಬಂದಿತು. ಎಲ್ಲ ತಾಯಂದಿರಿಗೂ ಆ ಪುಣ್ಯ ಒದಗಲಿಲ್ಲ. ಒಂದು ಬಿಗಿಯಾದ ಮುಚ್ಚಳದ ಬೆಲೆಯು ಕೊರೆಯಿಸಿದ ಒಂದು ಅಡಿಯ ಬೆಲೆಗಿಂತ ಬಹಳ ಹೆಚ್ಚಲ್ಲ.

ನಮ್ಮೂರಿನ ಹೆಸರಿನಲ್ಲಿಯೇ ಕೆರೆಯಿದೆ. ಅನತಿದೂರದಲ್ಲಿ ಶಾಂತಿಸಾಗರವೆಂದು ಈಗ ಕರೆಯುವ ಸೂಳೆಕೆರೆಯಿದೆ. ಎರಡು ಗುಡ್ಡಗಳ ನಡುವೆ ಏರಿಯನ್ನು ಹಾಕಿ ಹಿಂದಿನವರು ನಿಲ್ಲಿಸಿದ ಆ ಜಲರಾಶಿಯಿಂದ ಶತಮಾನಗಳಿಂದ ಜನ ಬದುಕಿದ್ದಾರೆ. ಅದನ್ನು ಕಟ್ಟಿದವರು ಪಾತಾಳವನ್ನು ಕೊರೆಯಲಿಲ್ಲ; ಬಿದ್ದ ನೀರನ್ನು ತಡೆದು ನಿಲ್ಲಿಸಿ, ಇಂಗಿಸಿ, ಆಮೇಲೆ ತೂಬನ್ನು ತೆರೆದರು. ಮೊದಲು ತುಂಬುವುದು, ಕೆಲಕಾಲ ನೆನೆಯಬಿಡುವುದು, ಬಳಿಕ ಪಡೆಯುವುದು. ಆವಿಯ ಎಂಜಿನಿಯರು ೧೯೫೯ರಲ್ಲಿ ಅವಘಡದಿಂದ ಕಂಡುಕೊಂಡ ಕ್ರಮವು ನಮ್ಮ ಕೆರೆಯ ಏರಿಯ ಮೇಲೆ ನಿಂತು ನೋಡುವವನಿಗೆ ಹಳೆಯ ಪಾಠವೇ. ಮುಂಗಾರು ಬರುವ ಮ���ದಲು ವಾಚಕರು ತಮ್ಮ ತಮ್ಮ ಮನೆಯ ಮಾಡನ್ನೂ ಅಂಗಳವನ್ನೂ ಒಮ್ಮೆ ಈ ದೃಷ್ಟಿಯಿಂದ ನೋಡಿಕೊಳ್ಳಲಿ ಎಂದು ಪ್ರಾರ್ಥಿಸಿ ಈ ತಿಂಗಳಿನ ಲೇಖನವನ್ನು ಮುಗಿಸುತ್ತೇವೆ.